ಎಸ್‌ಎಸ್‌ಎನ್ ಇಲ್ಲದೆ ಅಮೆರಿಕದಲ್ಲಿ ಫೋನ್ ಕೊಂಡಿದ್ದು: ನನ್ನ ಅನುಭವ

ಅಮೆರಿಕದಲ್ಲಿ ಟಿವಿ ಹಾಕಿದರೆ ಸಾಕು, ಹೊಸ ಫೋನ್ ಸೊನ್ನೆ ಡಾಲರ್‌ಗೆ ಅಂತ ಜಾಹೀರಾತು ಬರುತ್ತದೆ. ಕೆಳಗಡೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ 'ವೆಲ್ ಕ್ವಾಲಿಫೈಡ್ ಗ್ರಾಹಕರಿಗೆ' ಅಂತ ಬರೆದಿರುತ್ತಾರೆ. ಆ ಗುಂಪಿಗೆ ಯಾರು ಸೇರುತ್ತಾರೆ, ಯಾರು ಸೇರುವುದಿಲ್ಲ ಅನ್ನುವುದು ಹೊಸದಾಗಿ ಬಂದವರಿಗೆ ಅಂಗಡಿಯ ಕೌಂಟರ್ ಮುಂದೆ ನಿಂತಾಗಲೇ ಗೊತ್ತಾಗುವುದು.

ನಮ್ಮದು ಹಾಸನ. ನಮ್ಮನೆಯವರಿಗೆ ಮಿಶಿಗನ್‌ನಲ್ಲಿ, ಡೆಟ್ರಾಯಿಟ್ ಹತ್ತಿರ, ಕಾರಿನ ಬಿಡಿಭಾಗ ಮಾಡುವ ಕಡೆ ಕೆಲಸ. ಅವರದು ಕೆಲಸಕ್ಕೆ ಕೊಡುವ ಎಚ್-1ಬಿ ವೀಸಾ, ನನ್ನದು ಅವರ ಹೆಂಡತಿಯಾಗಿ ಸಿಕ್ಕ ಎಚ್-4. ಬಂದ ಮೇಲೆ ಅವರಿಗೆ ಇಲ್ಲಿನ ಸರ್ಕಾರ ಕೊಡುವ ಸೋಷಿಯಲ್ ಸೆಕ್ಯೂರಿಟಿ ನಂಬರ್, ಅಂದರೆ ಎಸ್‌ಎಸ್‌ಎನ್, ಸಿಕ್ಕಿತು. ನನಗೆ ಸಿಗಲಿಲ್ಲ. ಕೆಲಸ ಮಾಡುವ ಅನುಮತಿ ಇಲ್ಲದ ಎಚ್-4 ನವರಿಗೆ ಅದನ್ನು ಕೊಡುವುದಿಲ್ಲ. ಫೋನ್ ಕಂಪನಿ, ಬ್ಯಾಂಕು, ಬಾಡಿಗೆ ಮನೆಯ ಆಫೀಸು ಎಲ್ಲರೂ ಮೊದಲು ಕೇಳುವುದು ಅದೇ ಒಂಬತ್ತು ಅಂಕಿ.

ಎಸ್‌ಎಸ್‌ಎನ್ ಬಂದ ತಕ್ಷಣ ಇಬ್ಬರೂ ದೊಡ್ಡ ಕಂಪನಿಯೊಂದರ ಅಂಗಡಿಗೆ ಹೋದೆವು. ಹುಡುಗ ತುಂಬಾ ನಯವಾಗಿ ಮಾತಾಡಿದ. ಟ್ಯಾಬ್ಲೆಟ್‌ನಲ್ಲಿ ನಮ್ಮನೆಯವರ ಹೆಸರು, ವಿಳಾಸ, ಹುಟ್ಟಿದ ದಿನ, ಎಸ್‌ಎಸ್‌ಎನ್ ತುಂಬಿಸಿದ. ಪರದೆ ಮೇಲೆ ಸ್ವಲ್ಪ ಹೊತ್ತು ಚಕ್ರ ತಿರುಗಿತು. ಆಮೇಲೆ ಟ್ಯಾಬ್ಲೆಟ್ಟನ್ನು ನಮ್ಮ ಕಡೆ ತಿರುಗಿಸಿದ. ಎರಡು ಮೊತ್ತ ಇದ್ದವು. ಒಂದು, ಲೈನ್ ಕೊಡಲು ಡಿಪಾಸಿಟ್. ಇನ್ನೊಂದು, ಫೋನಿಗೆ ಮುಂಗಡ. ಸೊನ್ನೆ ಅಂದಿದ್ದ ಫೋನಿಗೆ ಹೆಚ್ಚುಕಮ್ಮಿ ಅರ್ಧ ಬೆಲೆ ಈಗಲೇ ಕಟ್ಟಬೇಕಿತ್ತು.

"ತಿಂಗಳಾದ್ರೆ ಇಷ್ಟು ಸಂಬಳ ಬರುತ್ತೆ ಕಣೇ, ಒಂದು ಫೋನಿಗೆ ನಂಬಲ್ವಾ ಇವರು?" ಅಂದರು ನಮ್ಮನೆಯವರು.

"ರೀ, ಸಂಬಳದ ವಿಷಯ ಅವನು ಕೇಳಲೇ ಇಲ್ವಲ್ಲ," ಅಂದೆ.

ಇದೇ ಇಲ್ಲಿನ ಮುಖ್ಯ ಸಂಗತಿ. ಕಂಪನಿ ನೋಡುವುದು ಕ್ರೆಡಿಟ್ ರಿಪೋರ್ಟ್, ಅಂದರೆ ನಿಮ್ಮ ಸಾಲದ ಚರಿತ್ರೆ. ಅದರಲ್ಲಿ ಸಂಬಳ ಇರುವುದೇ ಇಲ್ಲ. ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಮೂರು ಕ್ರೆಡಿಟ್ ಬ್ಯೂರೋ ಕಂಪನಿಗಳು ನೀವು ಯಾವ ಸಾಲ ತೆಗೆದಿರಿ, ಯಾವಾಗ ಕಟ್ಟಿದಿರಿ, ಎಲ್ಲಿ ತಪ್ಪಿಸಿದಿರಿ ಅಂತ ಬರೆದಿಡುತ್ತವೆ. ಅದರಿಂದ 300ರಿಂದ 850ರ ನಡುವಿನ ಫೈಕೋ ಸ್ಕೋರ್ ಬರುತ್ತದೆ. ಅದು ಹುಟ್ಟಬೇಕಾದರೂ ಕನಿಷ್ಠ ಒಂದು ಖಾತೆ ಆರು ತಿಂಗಳು ಹಳೆಯದಾಗಿರಬೇಕು. ನಿನ್ನೆ ಮೊನ್ನೆ ಬಂದವರ ಹೆಸರಲ್ಲಿ ಏನಿರುತ್ತದೆ? ಕೆಟ್ಟ ಸ್ಕೋರ್ ಅಲ್ಲ, ಸ್ಕೋರೇ ಇಲ್ಲ. ಕಂಪನಿಯ ಕಂಪ್ಯೂಟರ್ ಮಾತ್ರ ಎರಡನ್ನೂ ಬಹುತೇಕ ಒಂದೇ ಥರ ನೋಡುತ್ತದೆ.

ಇನ್ನೂ ಬೇಜಾರಿನ ವಿಷಯ ಸಿಬಿಲ್‌ನದು. ಊರಲ್ಲಿ ನಮ್ಮನೆಯವರ ಸಿಬಿಲ್ ಸ್ಕೋರ್ ಚೆನ್ನಾಗಿಯೇ ಇತ್ತು, ಗಾಡಿ ಸಾಲ ಒಂದು ಕಂತೂ ತಪ್ಪಿರಲಿಲ್ಲ. ಅಲ್ಲಿನದು ಟ್ರಾನ್ಸ್‌ಯೂನಿಯನ್ ಸಿಬಿಲ್, ಇಲ್ಲಿನದು ಟ್ರಾನ್ಸ್‌ಯೂನಿಯನ್. ಹೆಸರು ಅದೇ, ಆದರೆ ಆ ಕಡತ ತಾನಾಗಿ ಸಮುದ್ರ ದಾಟಿ ಬರುವುದಿಲ್ಲ. ನೋವಾ ಕ್ರೆಡಿಟ್ ಎಂಬ ಸಂಸ್ಥೆಯ ಮೂಲಕ ಅಮೆರಿಕನ್ ಎಕ್ಸ್‌ಪ್ರೆಸ್ 2019ರಿಂದ ಭಾರತದ ಚರಿತ್ರೆಯನ್ನು ನೋಡಿ ಕಾರ್ಡ್ ಕೊಡುತ್ತಿದೆ. ಹೊಸದಾಗಿ ಬರುವವರಿಗೆ ನಾನು ಹೇಳುವ ಮೊದಲ ಮಾತು ಇದು.

ಅವತ್ತು ನಾವು ಏನನ್ನೂ ಕೊಳ್ಳದೆ ವಾಪಸ್ ಬಂದೆವು. ಸ್ವಲ್ಪ ದಿನಕ್ಕೆ ಅಂಚೆಯಲ್ಲಿ ಒಂದು ಪತ್ರ ಬಂತು. ಇಂಥ ಪತ್ರಗಳನ್ನು ಎಲ್ಲರೂ ಜಾಹೀರಾತಿನ ಜೊತೆ ಕಸಕ್ಕೆ ಹಾಕುತ್ತಾರೆ. ಹಾಕಬೇಡಿ. ಕ್ರೆಡಿಟ್ ನೋಡಿ ಇಲ್ಲ ಅಂದರೆ ಅಥವಾ ಜಾಸ್ತಿ ಹಣ ಕೇಳಿದರೆ, ಯಾವ ಬ್ಯೂರೋದಿಂದ ಮಾಹಿತಿ ತೆಗೆದುಕೊಂಡೆವು ಅಂತ ಅವರು ತಿಳಿಸಲೇಬೇಕು. 1970ರ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಕಾಯಿದೆ ಇದನ್ನು ಹೇಳುತ್ತದೆ. ಪತ್ರ ಬಂದ 60 ದಿನದೊಳಗೆ ಆ ಬ್ಯೂರೋದಿಂದ ರಿಪೋರ್ಟ್ ಪುಕ್ಕಟೆಯಾಗಿ ತರಿಸಬಹುದು. ಸರ್ಕಾರ ಇದನ್ನು ಸುಮ್ನೆ ಬಿಡುವುದೂ ಇಲ್ಲ. ಕಡಿಮೆ ಸ್ಕೋರ್ ಇದ್ದವರಿಂದ ಸ್ಪ್ರಿಂಟ್ ಕಂಪನಿ ತಿಂಗಳಿಗೆ 7.99 ಡಾಲರ್ ಹೆಚ್ಚು ಪಡೆದು, ಅದಕ್ಕೆ ಸರಿಯಾದ ನೋಟಿಸ್ ಕೊಡಲಿಲ್ಲ ಅಂತ ಫೆಡರಲ್ ಟ್ರೇಡ್ ಕಮಿಷನ್ ಕೇಸು ಹಾಕಿತ್ತು. 2015ರಲ್ಲಿ ಸ್ಪ್ರಿಂಟ್ 29.5 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿತು.

ಈಗ ನಾವು ಮಾಡಿದ್ದು. ಫೋನನ್ನೂ ಲೈನನ್ನೂ ಬೇರೆ ಬೇರೆ ಮಾಡಿದೆವು. ಇಷ್ಟೇ. ಕ್ರೆಡಿಟ್ ಚೆಕ್ ಬರುವುದು ಕಂಪನಿ ನಿಮಗೆ ಸಾಲ ಕೊಡುವಾಗ. ತಿಂಗಳು ಪೂರ್ತಿ ಬಳಸಿ ಆಮೇಲೆ ಬಿಲ್ ಕಟ್ಟುವುದೂ ಸಾಲವೇ, ಕಂತಿನಲ್ಲಿ ಫೋನ್ ತೆಗೆದುಕೊಳ್ಳುವುದೂ ಸಾಲವೇ. ಪ್ರಿಪೇಯ್ಡ್‌ನಲ್ಲಿ ದುಡ್ಡು ಮೊದಲೇ ಕಟ್ಟುತ್ತೀರಿ. ಯಾರೂ ಎಸ್‌ಎಸ್‌ಎನ್ ಕೇಳುವುದಿಲ್ಲ, ಸ್ಕೋರ್ ನೋಡುವುದಿಲ್ಲ. ಮಿಂಟ್, ವಿಸಿಬಲ್, ಕ್ರಿಕೆಟ್, ಮೆಟ್ರೋ ಎಂಬ ಕಂಪನಿಗಳೆಲ್ಲ ಅಂಥವೇ. ಟವರ್ ಕೂಡ ದೊಡ್ಡವರದೇ. ಕ್ರಿಕೆಟ್ ಇರುವುದು ಎಟಿ ಅಂಡ್ ಟಿ ಕೈಯಲ್ಲಿ, ಮೆಟ್ರೋ ಮತ್ತು ಮಿಂಟ್ ಟಿ-ಮೊಬೈಲ್ ಕೈಯಲ್ಲಿ, ವಿಸಿಬಲ್ ವೆರೈಜನ್ ಕೈಯಲ್ಲಿ. ಜನ ತುಂಬಿದ ಕಡೆ ಪ್ರಿಪೇಯ್ಡ್‌ನವರ ಡೇಟಾ ಸ್ವಲ್ಪ ನಿಧಾನ ಆಗುವುದುಂಟು. ಬಾಲ್ ಗೇಮ್ ನಡೆಯುವ ದಿನ ಡೌನ್‌ಟೌನ್‌ಗೆ ಹೋದರೆ ನನಗೆ ಗೊತ್ತಾಗುತ್ತದೆ, ಉಳಿದ ದಿನ ಇಲ್ಲ.

ಫೋನನ್ನು ಆಪಲ್‌ನವರದೇ ರೀಫರ್ಬಿಶ್ಡ್, ಅಂದರೆ ಬಳಸಿದ್ದನ್ನು ಸರಿಮಾಡಿ ಮಾರುವ, ಅಂಗಡಿಯಲ್ಲಿ ಪೂರ್ತಿ ಹಣ ಕೊಟ್ಟು ತೆಗೆದುಕೊಂಡೆ. ಹೊಸ ಬ್ಯಾಟರಿ, ಹೊಸ ಹೊರಕವಚ, ಒಂದು ವರ್ಷದ ವಾರಂಟಿ ಇರುತ್ತದೆ. ಸೆಕೆಂಡ್ ಹ್ಯಾಂಡ್ ಅಂತ ಅತ್ತೆ ಮುಖ ಸಿಂಡರಿಸಿದರು, ಕೈಯಲ್ಲಿ ಹಿಡಿದು ನೋಡಿದ ಮೇಲೆ ಸುಮ್ಮನಾದರು.

'ಫ್ರೀ' ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಿ. 800 ಡಾಲರ್ ಫೋನ್ ಅಂದುಕೊಳ್ಳಿ. ಮಿಶಿಗನ್‌ನಲ್ಲಿ 6 ಪರ್ಸೆಂಟ್ ತೆರಿಗೆ, ಅಂದರೆ 48 ಡಾಲರ್. ಫೋನ್ ಫ್ರೀ ಆದರೂ ಈ 48 ಮೊದಲ ದಿನವೇ ಕೈ ಬಿಡುತ್ತದೆ. ಉಳಿದದ್ದು 36 ಕಂತು. ತಿಂಗಳಿಗೆ 22 ಡಾಲರ್ ಚಿಲ್ಲರೆ ಬಿಲ್‌ಗೆ ಸೇರಿಸುತ್ತಾರೆ, ಅದೇ ಬಿಲ್‌ನಲ್ಲಿ ಅಷ್ಟನ್ನೇ ಕಳೆಯುತ್ತಾರೆ. ಆದರೆ ದುಬಾರಿ ಪ್ಲಾನ್‌ನಲ್ಲೇ ಇರಬೇಕು. ಒಂದು ಲೈನಿಗೆ 80 ಡಾಲರ್ ಅಂತ ಹಿಡಿದರೆ ಮೂರು ವರ್ಷಕ್ಕೆ 2,880. ತೆರಿಗೆ ಸೇರಿ 2,928. ನಾನು ಫೋನನ್ನು ಪೂರ್ತಿ 848 ಕೊಟ್ಟು ತೆಗೆದುಕೊಂಡು 25 ಡಾಲರ್ ಪ್ರಿಪೇಯ್ಡ್‌ನಲ್ಲಿ ಇದ್ದರೆ ಮೂರು ವರ್ಷಕ್ಕೆ 1,748. 1,180 ಡಾಲರ್ ಉಳಿಯಿತು, ಅಲ್ವಾ? ಇನ್ನು ಒಂದು ವರ್ಷಕ್ಕೇ ಆ ಕಂಪನಿ ಬಿಟ್ಟರೆ ಕಳೆಯುವುದು ನಿಲ್ಲುತ್ತದೆ, ಉಳಿದ 24 ಕಂತಿನ 533 ಡಾಲರ್ ಒಟ್ಟಿಗೆ ಕಟ್ಟಬೇಕು. ಪ್ರಾಜೆಕ್ಟ್ ಮುಗಿದು ಊರಿಗೆ ಹೋಗಬೇಕಾದವರಿಗೆ ಇದು ದೊಡ್ಡ ಮೊತ್ತ.

ನಾಲ್ಕು ಲೈನ್ ಇದ್ದರೆ ಮಾತ್ರ ಲೆಕ್ಕ ತಿರುಗುತ್ತದೆ. ಲೈನಿಗೆ 45ಕ್ಕೆ ಇಳಿದರೆ ಮೂರು ವರ್ಷಕ್ಕೆ ತೆರಿಗೆ ಸೇರಿ 1,668. ಆಗ ಫ್ರೀ ಫೋನೇ ಅಗ್ಗ. ಅದಕ್ಕೇ ನಮ್ಮವರಲ್ಲಿ ಫ್ಯಾಮಿಲಿ ಪ್ಲಾನ್ ಎಂಬ ವಿಚಿತ್ರ ಸಂಸಾರ ಇರುವುದು. ಮಂಡ್ಯದವರೊಬ್ಬರು, ಹುಬ್ಬಳ್ಳಿಯವರೊಬ್ಬರು, ಆಫೀಸಿನ ತೆಲುಗಿನವರಿಬ್ಬರು, ಎಲ್ಲರೂ ಒಂದೇ ಫ್ಯಾಮಿಲಿ. ತಿಂಗಳ ಕೊನೆಗೆ ವಾಟ್ಸಾಪ್‌ನಲ್ಲಿ ದುಡ್ಡಿನ ಜ್ಞಾಪನೆ ಬರುತ್ತದೆ. ಸೇರಿಕೊಳ್ಳುವವರಿಗೆ ಇದು ಒಳ್ಳೆಯದು, ಕ್ರೆಡಿಟ್ ಚೆಕ್ ಖಾತೆಯ ಯಜಮಾನನಿಗೆ ಮಾತ್ರ. ಆದರೆ ಆ ಯಜಮಾನ ನೀವಾಗಬೇಡಿ, ಆಗಲೇಬೇಕಾಗಿ ಬಂದರೂ ಯಾರ ಕಂತಿಗೂ ನಿಮ್ಮ ಹೆಸರು ಕೊಡಬೇಡಿ. ಲೈನ್ ಮಾತ್ರ ಕೊಡಿ, ಫೋನ್ ಅವರವರೇ ತಂದುಕೊಳ್ಳಲಿ. ನಮಗೆ ಗೊತ್ತಿರುವ ಒಬ್ಬರ ಫ್ಯಾಮಿಲಿಯ ಹುಡುಗ ಹೊಸ ಫೋನ್ ತೆಗೆದುಕೊಂಡು ಬೇರೆ ರಾಜ್ಯಕ್ಕೆ ಹೋಗಿ ನಂಬರ್ ಬದಲಾಯಿಸಿಬಿಟ್ಟ. ಪಾಪ, ಕಂತು ಕಟ್ಟಿದ್ದು ಇವರು.

ಫೋನಿನ ಕಂತು ಸರಿಯಾಗಿ ಕಟ್ಟಿದರೆ ಸ್ಕೋರ್ ಬೆಳೆಯುತ್ತದೆ ಅಂತ ಎಷ್ಟೋ ಜನ ನಂಬಿದ್ದಾರೆ. ಊರಲ್ಲಿ ಫೈನಾನ್ಸ್ ಕಂಪನಿಯ ಇಎಂಐನಲ್ಲಿ ಫೋನ್ ತೆಗೆದುಕೊಂಡರೆ ಅದು ಸಿಬಿಲ್‌ಗೆ ಹೋಗುತ್ತದೆ, ಆ ಅಭ್ಯಾಸ. ಇಲ್ಲಿ ಫೋನ್ ಕಂಪನಿಗಳು ಸರಿಯಾಗಿ ಕಟ್ಟಿದ್ದನ್ನು ಸಾಮಾನ್ಯವಾಗಿ ಮೂರು ಬ್ಯೂರೋಗಳಿಗೆ ಹೇಳುವುದಿಲ್ಲ. ಕಟ್ಟದೆ ಬಿಟ್ಟು ಅದು ವಸೂಲಿಯವರ ಕೈಗೆ ಹೋದರೆ ಮಾತ್ರ ರಿಪೋರ್ಟ್‌ನಲ್ಲಿ ಬಂದು ಏಳು ವರ್ಷ ಕೂರಬಹುದು. ಜೊತೆಗೆ ಎನ್‌ಸಿಟಿಯುಇ ಅಂತ ಇನ್ನೊಂದು ಕಡತ ಇದೆ. ಫೋನ್, ಕೇಬಲ್, ಕರೆಂಟ್ ಬಿಲ್‌ಗಳ ಹಿಸ್ಟರಿ ಅಲ್ಲಿರುತ್ತದೆ. ಹಳೆ ಅಪಾರ್ಟ್‌ಮೆಂಟಿನ ಇಂಟರ್ನೆಟ್ ಬಾಕಿ ಮರೆತವರಿಗೆ ಸ್ಕೋರ್ ಚೆನ್ನಾಗಿದ್ದರೂ ಡಿಪಾಸಿಟ್ ಕೇಳಿದರೆ, ನೋಡಬೇಕಾದ್ದು ಅದನ್ನು.

ಹಾಗಾದರೆ ಸ್ಕೋರ್ ಬರುವುದು ಎಲ್ಲಿಂದ? ನಮ್ಮನೆಯವರು ಬ್ಯಾಂಕಿನಲ್ಲಿ 200 ಡಾಲರ್ ಇಟ್ಟು ಸೆಕ್ಯೂರ್ಡ್ ಕ್ರೆಡಿಟ್ ಕಾರ್ಡ್ ತೆಗೆದುಕೊಂಡರು. ನಿಮ್ಮ ದುಡ್ಡನ್ನೇ ಇಟ್ಟುಕೊಂಡು ನಿಮಗೇ ಕಾರ್ಡ್ ಕೊಡುತ್ತಾರೆ. ತಮಾಷೆ ಅನಿಸಬಹುದು, ಆದರೆ ಕೆಲಸ ಮಾಡುತ್ತದೆ. ಅದರಲ್ಲಿ ಪೆಟ್ರೋಲ್, ಪಟೇಲ್ ಬ್ರದರ್ಸ್‌ನ ದಿನಸಿ, ಇಷ್ಟೇ. ಮಿತಿಯ ಮೂರನೇ ಒಂದು ಭಾಗ ದಾಟದ ಹಾಗೆ ನೋಡಿಕೊಂಡು, ಪ್ರತಿ ತಿಂಗಳು ಪೂರ್ತಿ ಕಟ್ಟಿದರು. ಆರು ತಿಂಗಳು ತುಂಬಿದ ಮೇಲೆ ಸ್ಕೋರ್ ಕಾಣಿಸಿಕೊಂಡಿತು. ನನ್ನದು ತಡವಾಯಿತು. ಗಂಡನ ಗ್ರೀನ್ ಕಾರ್ಡ್ ಅರ್ಜಿಯ ಐ-140 ಹಂತ ದಾಟಿದರೆ ಎಚ್-4 ನವರು ಕೆಲಸದ ಅನುಮತಿ ಕೇಳಬಹುದು, 2015ರಿಂದ ಈ ನಿಯಮ ಇದೆ. ಅದು ಸಿಕ್ಕಿ, ಎಸ್‌ಎಸ್‌ಎನ್ ಬಂದು, ನಾನೂ ಅದೇ ದಾರಿ ಹಿಡಿದೆ. ಅಲ್ಲಿಯವರೆಗೆ ನನ್ನ ಫೋನ್, ನನ್ನ ಪ್ರಿಪೇಯ್ಡ್ ನಂಬರ್, ಎರಡೂ ನನ್ನ ಹೆಸರಲ್ಲೇ ಇದ್ದವು. ಅದು ನನಗೆ ಸಣ್ಣ ವಿಷಯ ಆಗಿರಲಿಲ್ಲ. ಎಚ್-4 ನಲ್ಲಿ ಬಂದ ಹೆಂಗಸರಿಗೆ ಇದು ಅರ್ಥವಾಗುತ್ತದೆ.

ಪೋಸ್ಟ್‌ಪೇಯ್ಡ್ ಬೇಕೇ ಬೇಕು ಅನ್ನುವವರಿಗೆ ಎರಡು ಮಾತು. ಅಂಗಡಿಯಲ್ಲಿ ಹಾರ್ಡ್ ಪುಲ್ಲೋ ಸಾಫ್ಟ್ ಪುಲ್ಲೋ, ಅಂದರೆ ಅವರು ರಿಪೋರ್ಟ್ ನೋಡಿದ್ದು ಸ್ಕೋರ್‌ಗೆ ತಾಗುತ್ತದೋ ಇಲ್ಲವೋ, ಅಂತ ಮೊದಲೇ ಕೇಳಿ. ಹಾರ್ಡ್ ಆದರೆ ರಿಪೋರ್ಟ್‌ನಲ್ಲಿ ಎರಡು ವರ್ಷ ಕಾಣುತ್ತದೆ, ಫೈಕೋ ಲೆಕ್ಕಕ್ಕೆ ಒಂದು ವರ್ಷ. ಒಂದು ಪುಲ್‌ಗೆ ಸ್ಕೋರ್ ಇಳಿಯುವುದು ಸಾಮಾನ್ಯವಾಗಿ ಐದು ಅಂಕಕ್ಕಿಂತ ಕಮ್ಮಿ, ಆದರೂ ಒಂದೇ ವಾರದಲ್ಲಿ ನಾಲ್ಕು ಅಂಗಡಿ ಸುತ್ತಬೇಡಿ. ಇನ್ನೊಂದು, 2017ರ ಈಕ್ವಿಫ್ಯಾಕ್ಸ್ ಮಾಹಿತಿ ಕಳ್ಳತನದ ನಂತರ ತುಂಬಾ ಜನ ಕ್ರೆಡಿಟ್ ಫ್ರೀಜ್ ಮಾಡಿಟ್ಟಿದ್ದಾರೆ, ಅಂದರೆ ಹೊಸ ಸಾಲಕ್ಕಾಗಿ ಯಾರೂ ರಿಪೋರ್ಟ್ ನೋಡದಂತೆ ಬೀಗ ಹಾಕಿದ್ದಾರೆ. 2018ರ ಸೆಪ್ಟೆಂಬರ್‌ನಿಂದ ಅದು ಪುಕ್ಕಟೆ, ನಾನೂ ಮಾಡಿಟ್ಟಿದ್ದೇನೆ. ಅರ್ಜಿ ಹಾಕುವ ದಿನ ಅದನ್ನು ತಾತ್ಕಾಲಿಕವಾಗಿ ತೆಗೆಯದಿದ್ದರೆ, 780 ಇದ್ದವರಿಗೂ ಕಂಪ್ಯೂಟರ್ ಇಲ್ಲ ಅನ್ನುತ್ತದೆ.

ಊರಿಂದ ತಮ್ಮನೋ ಭಾವನೋ "ಅಕ್ಕ, ಬರುವಾಗ ಒಂದು ಐಫೋನ್ ತಗೊಂಡ್ ಬಾ" ಅಂದಾಗ ಕಂಪನಿಯ ಕಂತಿನ ಫೋನನ್ನು ಮಾತ್ರ ಕೊಂಡೊಯ್ಯಬೇಡಿ. ಕಂತು ಮುಗಿಯುವವರೆಗೆ ಅದು ಸಾಮಾನ್ಯವಾಗಿ ಲಾಕ್ ಆಗಿರುತ್ತದೆ, ಜಿಯೋ, ಏರ್‌ಟೆಲ್ ಯಾವುದೂ ಹಿಡಿಯುವುದಿಲ್ಲ. ಅನ್‌ಲಾಕ್ಡ್ ತೆಗೆದುಕೊಂಡರೂ, ಐಫೋನ್ 14ರಿಂದ ಈಚೆಗೆ ಇಲ್ಲಿ ಮಾರುವ ಮಾದರಿಗಳಿಗೆ ಸಿಮ್ ಹಾಕುವ ಜಾಗವೇ ಇಲ್ಲ, ಇ-ಸಿಮ್ ಮಾತ್ರ. ತಮ್ಮನಿಗೆ ಮೊದಲೇ ಹೇಳಿ, ನಂಬರನ್ನು ಇ-ಸಿಮ್‌ಗೆ ಬದಲಾಯಿಸಿಕೊಳ್ಳಲಿ.