ಮೊಳೆ, ಮಣಿ, ಬಟ್ಟಲು: ಇನ್ಯುಟ್ ಮನೆಯ ಸಾಮಾನು ಪಟ್ಟಿ ಮಾಡುವ ಬಗೆ

ಕೆನಡಾದ ಲ್ಯಾಬ್ರಡಾರ್ ಕರಾವಳಿಯ ಮೂಲನಿವಾಸಿಗಳಾದ ಇನ್ಯುಟರ ಹಳೆಯ ಮನೆಗಳ ಉತ್ಖನನ ವರದಿಗಳನ್ನು ಬೆಂಗಳೂರಿನಲ್ಲಿ ಕೂತು ಓದುವವರು ಸಾಮಾನ್ಯವಾಗಿ ಯುರೋಪಿನ ಸಾಮಾನು ಇಷ್ಟು, ಇನ್ಯುಟರದ್ದು ಇಷ್ಟು ಎಂದು ಎಣಿಸಿ ಶೇಕಡಾವಾರು ತೆಗೆಯುತ್ತಾರೆ. ಹಾಗೆ ಮಾಡಬೇಡಿ. ಯುರೋಪಿನ ಕಬ್ಬಿಣದ ಮೊಳೆಯನ್ನು ಬಡಿದು ಚಪ್ಪಟೆ ಮಾಡಿ ಹಾರ್ಪೂನ್ (ಕಡಲಪ್ರಾಣಿಗಳ ಬೇಟೆಯ ಈಟಿ) ತುದಿಗೆ ಕೂರಿಸಿದ್ದಾರೆ ಎಂದರೆ ಅದನ್ನು ಯಾರ ಲೆಕ್ಕಕ್ಕೆ ಬರೆಯುತ್ತೀರಿ?

ಸ್ಪ್ರೆಡ್‌ಶೀಟಿನಲ್ಲಿ ಆರು ಕಾಲಂ ಸಾಕು: ವಸ್ತು, ಯಾವುದರಿಂದ ಮಾಡಿದ್ದು, ಎಲ್ಲಿ ತಯಾರಾದದ್ದು, ಮೊದಲ ಬಳಕೆ, ಆಮೇಲಿನ ಬದಲಾವಣೆಯ ಗುರುತು, ಮನೆಯೊಳಗೆ ಸಿಕ್ಕ ಜಾಗ. ಕಡೆಯ ಎರಡನ್ನು ಖಾಲಿ ಬಿಟ್ಟರೆ ಉಳಿದ ಶ್ರಮವೆಲ್ಲ ವ್ಯರ್ಥ. ಕೈ ಪಳಗಲು ಮೊದಲು ನಿಮ್ಮ ಮನೆಯ ಹತ್ತು ಹಳೆಯ ಸಾಮಾನುಗಳನ್ನು ಹೀಗೆ ಬರೆಯಿರಿ. ಡಾಲ್ಡಾ ಡಬ್ಬ ದೊಡ್ಡಪತ್ರೆಯ ಕುಂಡವಾಗಿದ್ದರೆ, ತಳಕ್ಕೆ ಮೊಳೆ ಹೊಡೆದು ಮಾಡಿದ ತೂತೇ ಐದನೇ ಕಾಲಂ.

ಜಾಗ ಬರೆಯುವಾಗ ಮನೆಯ ನಕ್ಷೆ ಪಕ್ಕದಲ್ಲಿರಲಿ. ಚಳಿಗಾಲದ ಮನೆಯ ಗೋಡೆ, ಚಾವಣಿ ಹುಲ್ಲುಹೆಪ್ಪೆಯವು, ಅಂದರೆ ಹುಲ್ಲುಬೇರಿನ ಸಮೇತ ಕತ್ತರಿಸಿದ ಮೇಲ್ಮಣ್ಣಿನ ಹೆಂಟೆಗಳವು. ಒಳಹೋಗಲು ತಗ್ಗಾದ ಇಕ್ಕಟ್ಟು ಸುರಂಗ, ಕಲ್ಲು ಹಾಸಿದ ನೆಲ, ಮಲಗಲು ಎತ್ತರದ ಜಗಲಿ, ಅದರ ಅಂಚಿನಲ್ಲಿ ಬಳಪದ ಕಲ್ಲಿನ ದೀಪ ಇಡುವ ಕಟ್ಟೆ. 18ನೇ ಶತಮಾನದಲ್ಲಿ ಹಲವು ಕುಟುಂಬಗಳು ಒಟ್ಟಿಗಿದ್ದ ದೊಡ್ಡ ಆಯತಾಕಾರದ ಮನೆಗಳು ಬಂದವು. ಅಲ್ಲಿ ಎಷ್ಟು ಕುಟುಂಬಗಳಿದ್ದವು ಎಂದು ಅಂದಾಜಿಸಲು ದೀಪದ ಕಟ್ಟೆಗಳನ್ನು ಎಣಿಸಿ.

ದೊಡ್ಡ ಎಡವಟ್ಟು ಆಗುವುದು ಗೋಡೆಯಲ್ಲಿ. ಹೊಸ ಮನೆಗೆ ಬೇಕಾದ ಹೆಪ್ಪೆಯನ್ನು ಹಳೆಯ ತಿಪ್ಪೆಯ ಮೇಲಿಂದಲೂ ಕತ್ತರಿಸಿ ತರುತ್ತಿದ್ದರು. ಗೋಡೆ ಕುಸಿದಾಗ ಅದರೊಳಗಿದ್ದ ಹಳೆಯ ಸಾಮಾನು ನೆಲದ ಮೇಲೆ ಬೀಳುತ್ತದೆ. ಆದ್ದರಿಂದ ನೆಲದ ಪದರ, ಚಾವಣಿ ಕುಸಿತ, ಗೋಡೆ, ಹೊರಗಿನ ತಿಪ್ಪೆ ನಾಲ್ಕನ್ನೂ ಬೇರೆ ಬೇರೆ ಎಣಿಸಿ. ಕಾಲನಿರ್ಣಯಕ್ಕೆ ನೆಲದ ಪದರದಲ್ಲಿ ಕದಡದೆ ಸಿಕ್ಕವುಗಳಲ್ಲಿ ಎಲ್ಲಕ್ಕಿಂತ ಈಚಿನದನ್ನೇ ಹಿಡಿಯಿರಿ. ಆ ವಸ್ತು ತಯಾರಾದ ಮೇಲೂ ಮನೆಯಲ್ಲಿ ಜನ ಇದ್ದರು ಎಂದಷ್ಟೇ ಅದು ಹೇಳುತ್ತದೆ.

ಮಣ್ಣಿನ ತಂಬಾಕು ಪೈಪುಗಳ ಕೊಳವೆತೂತು ಕಾಲ ಕಳೆದಂತೆ ಕಿರಿದಾಯಿತು. ತೂತಿನ ಸರಾಸರಿಯನ್ನು ಇಂಚಿನ 64ನೇ ಭಾಗಗಳಲ್ಲಿ ತೆಗೆದು 38.26ರಿಂದ ಗುಣಿಸಿ, 1931.85ರಿಂದ ಕಳೆಯಿರಿ. ಬರುವುದು ಅಂದಾಜು ಇಸವಿ: ಸರಾಸರಿ 5 ಬಂದರೆ ಸುಮಾರು 1740. ಇದು ಇಂಗ್ಲಿಷ್ ಪೈಪಿಗೆ ಮಾತ್ರ, ಅದೂ 18ನೇ ಶತಮಾನದ ಕೊನೆಯವರೆಗೆ ಹೋಗುವುದಿಲ್ಲ. ನಾಲ್ಕೈದು ತುಂಡುಗಳಿದ್ದರೆ ಈ ಲೆಕ್ಕವನ್ನೇ ಬಿಡಿ.

ಮಣಿಗಳ ಸಂಖ್ಯೆಯನ್ನು ಹೋಲಿಸುವ ಮೊದಲು ಜರಡಿಯ ಕಣ್ಣು ನೋಡಿ. 6 ಮಿ.ಮೀ. ಜರಡಿಯಲ್ಲಿ ಸಣ್ಣ ಗಾಜಿನ ಮಣಿಗಳು ಸೋರಿಹೋಗುತ್ತವೆ, 3 ಮಿ.ಮೀ. ಜರಡಿಯಲ್ಲಿ ಹೆಚ್ಚು ಉಳಿಯುತ್ತವೆ. ಎರಡು ಮನೆಗಳ ನಡುವೆ ಕಂಡ ವ್ಯತ್ಯಾಸ ಬರೀ ಜರಡಿಯದ್ದಾಗಿರಬಹುದು.

ಪಿಂಗಾಣಿಯಲ್ಲಿ ಚೂರುಗಳನ್ನಲ್ಲ, ಪಾತ್ರೆಗಳನ್ನು ಎಣಿಸಿ. ಒಂದೇ ಬಟ್ಟಲು ನಲವತ್ತು ಚೂರಾಗಬಹುದು. ಬಾಯಂಚಿನ ಚೂರುಗಳನ್ನು ವ್ಯಾಸ, ಬಣ್ಣ, ಚಿತ್ತಾರ ನೋಡಿ ಜೋಡಿಸಿ, ಬಟ್ಟಲು, ಕಪ್ಪು, ತಟ್ಟೆ ಎಂದು ವಿಂಗಡಿಸಿ. ಮೊರಾವಿಯನ್ ಎಂಬ ಪ್ರೊಟೆಸ್ಟಂಟ್ ಪಂಥದ ಮಿಷನರಿಗಳು 1771ರಲ್ಲಿ ನೆಲೆಯೂರಿದ ಲ್ಯಾಬ್ರಡಾರಿನ ನೈನ್‌ನಲ್ಲಿ 19ನೇ ಶತಮಾನದ ಇನ್ಯುಟರು ತಟ್ಟೆಗಿಂತ ಬಟ್ಟಲನ್ನು ಹೆಚ್ಚು ಆರಿಸಿಕೊಂಡರು. ಮಾಂಸ ಬೇಯಿಸಿದ ಸಾರಿಗೆ ಬಟ್ಟಲೇ ಬೇಕು. ಪಿಂಗಾಣಿ ಪರದೇಶದ್ದು, ಊಟದ ಕ್ರಮ ಅವರದೇ. ಒಡೆದ ಅಂಚಿನ ಎರಡು ಬದಿಗೂ ತೂತುಗಳಿದ್ದರೆ ದಾರದಿಂದ ಹೊಲಿದು ಮತ್ತೆ ಬಳಸಿದ್ದಾರೆ ಎಂದು ಬರೆದುಕೊಳ್ಳಿ.

ಪಟ್ಟಿಯ ಕೆಳಗೆ ಇನ್ನೊಂದು ಸಾಲು ಇರಲಿ: ಮನೆಯಿಂದ ಹೊರಹೋದದ್ದು. ತಿಮಿಂಗಿಲದ ಎಣ್ಣೆ, ಬಲೀನ್ (ತಿಮಿಂಗಿಲದ ಬಾಯೊಳಗಿನ ಜರಡಿಯಂಥ ಪಟ್ಟಿಗಳು), ಸೀಲ್ ಚರ್ಮ ವ್ಯಾಪಾರಿಗಳ ಹಡಗು ಸೇರಿದವು, ನೆಲದಲ್ಲಿ ಸಿಗುವುದಿಲ್ಲ. ಅವನ್ನು ವ್ಯಾಪಾರದ ಕಡತಗಳಿಂದ ತುಂಬದಿದ್ದರೆ ಇನ್ಯುಟರು ಬರೀ ಪಡೆದವರಾಗಿ ಕಾಣುತ್ತಾರೆ, ಅದು ಸುಳ್ಳು.

1809ರಿಂದ ಬೆಳೆದ ನಮ್ಮ ಬೆಂಗಳೂರಿನ ದಂಡು ಪ್ರದೇಶಕ್ಕೂ ಇದೇ ಪಟ್ಟಿ ಹೊಂದುತ್ತದೆ. ಪಾಯ ತೋಡುವಾಗ ನೀಲಿ ಚಿತ್ತಾರದ ಪಿಂಗಾಣಿಯೋ ಗೋಲಿ ಸೋಡಾ ಬಾಟಲಿಯೋ ಕಂಡರೆ ಕೀಳಬೇಡಿ. ಅಳತೆಪಟ್ಟಿ ಇಟ್ಟು ಫೋಟೊ ತೆಗೆದು, ಆಳ ಬರೆದು, ಪುರಾತತ್ವ ಇಲಾಖೆಗೆ ತಿಳಿಸಿ. ಆ ಮಣ್ಣು ಅಲ್ಲಿಯದೋ, ಲಾರಿಯಲ್ಲಿ ಬಂದ ಭರ್ತಿ ಮಣ್ಣೋ ಎಂದು ಮಾಲೀಕರನ್ನೂ ಮೇಸ್ತ್ರಿಯನ್ನೂ ಕೇಳಿ ಆರನೇ ಕಾಲಂನಲ್ಲಿ ದಾಖಲಿಸಿ.