ದುಬೈನಲ್ಲಿ ಎರಡನೇ ಮನೆ: ಕರ್ನಾಟಕದಲ್ಲಿದ್ದು ಕೊಳ್ಳುವವರು ತಿಳಿದಿರಬೇಕಾದ ತೆರಿಗೆ ಮತ್ತು ಕಾಗದಪತ್ರ

ದುಬೈನಲ್ಲಿ ವ್ಯಕ್ತಿಗಳ ಬಾಡಿಗೆ ಆದಾಯಕ್ಕಾಗಲಿ, ಮನೆ ಮಾರಿದ ಲಾಭಕ್ಕಾಗಲಿ ತೆರಿಗೆ ಇಲ್ಲ ಎಂಬ ಮಾತು ನಿಜ. ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ವಾರಾಂತ್ಯದ ಪ್ರದರ್ಶನ ಏರ್ಪಡಿಸುವ ಬಿಲ್ಡರುಗಳ ಪ್ರತಿನಿಧಿಗಳು ಮೊದಲು ಹೇಳುವುದೂ ಇದನ್ನೇ. ಆದರೆ ಆದಾಯ ತೆರಿಗೆ ಕಾನೂನಿನ ಪ್ರಕಾರ ಭಾರತದ ಸಾಮಾನ್ಯ ನಿವಾಸಿಯಾಗಿರುವವರು ಜಗತ್ತಿನ ಯಾವ ಮೂಲೆಯಲ್ಲಿ ಗಳಿಸಿದ ಹಣಕ್ಕೂ ಇಲ್ಲಿ ಲೆಕ್ಕ ಕೊಡಬೇಕಾಗುತ್ತದೆ. ಆದ್ದರಿಂದ ದುಬೈ ಮನೆಯ ಕೆಲಸವನ್ನು ದುಬೈನಿಂದಲ್ಲ, ನಿಮ್ಮ ಊರಿನ ಬ್ಯಾಂಕ್ ಶಾಖೆಯಿಂದ ಆರಂಭಿಸುವುದೇ ಸರಿಯಾದ ಕ್ರಮ.

ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ, ಅಂದರೆ ಬ್ಯಾಂಕಿನವರು ಎಲ್‌ಆರ್‌ಎಸ್ ಎಂದು ಕರೆಯುವ ವ್ಯವಸ್ಥೆಯಲ್ಲಿ, ಒಬ್ಬ ವ್ಯಕ್ತಿ ಒಂದು ಹಣಕಾಸು ವರ್ಷದಲ್ಲಿ 2,50,000 ಅಮೆರಿಕನ್ ಡಾಲರ್‌ವರೆಗೆ ಹೊರಗೆ ಕಳುಹಿಸಬಹುದು. ಒಂದು ಡಾಲರಿಗೆ 3.6725 ದಿರ್ಹಮ್ ಎಂಬ ದರ 1997ರಿಂದಲೂ ಬದಲಾಗಿಲ್ಲವಾದ್ದರಿಂದ ಲೆಕ್ಕ ಸುಲಭ. 15 ಲಕ್ಷ ದಿರ್ಹಮ್ ಬೆಲೆಯ ಫ್ಲಾಟ್ ಎಂದರೆ ಸುಮಾರು 4.08 ಲಕ್ಷ ಡಾಲರ್. ಒಬ್ಬರ ಒಂದು ವರ್ಷದ ಮಿತಿ ಇದಕ್ಕೆ ಸಾಲದು. ಹೀಗಾಗಿ ಗಂಡ ಹೆಂಡತಿ ಇಬ್ಬರೂ ತಮ್ಮ ತಮ್ಮ ಖಾತೆಯಿಂದ ಹಣ ಕಳುಹಿಸಿ ಇಬ್ಬರ ಹೆಸರಿನಲ್ಲಿಯೂ ನೋಂದಾಯಿಸುವುದು ರೂಢಿ. ಹೆಂಡತಿಗೆ ಸ್ವಂತ ಆದಾಯವಿಲ್ಲದೆ ಗಂಡನೇ ಉಡುಗೊರೆಯಾಗಿ ಹಣ ಕೊಟ್ಟಿದ್ದರೆ, ಆಕೆಯ ಪಾಲಿನ ಬಾಡಿಗೆಯೂ ಗಂಡನ ಆದಾಯಕ್ಕೇ ಸೇರುತ್ತದೆ ಎಂಬುದನ್ನು ಮೊದಲೇ ತಿಳಿದಿರಬೇಕು.

ಬ್ಯಾಂಕಿನಲ್ಲಿ ಎ2 ನಮೂನೆ ತುಂಬುವಾಗ ಉದ್ದೇಶದ ಸಂಕೇತವನ್ನು ಎಸ್0005, ಅಂದರೆ ವಿದೇಶದಲ್ಲಿ ಸ್ಥಿರಾಸ್ತಿ ಹೂಡಿಕೆ, ಎಂದೇ ಬರೆಸಬೇಕು. ಕುಟುಂಬ ನಿರ್ವಹಣೆ, ಉಡುಗೊರೆ ಎಂದೆಲ್ಲ ಬರೆಸಿ ಕಳುಹಿಸಿದ ಹಣದಿಂದ ಮನೆ ಕೊಂಡರೆ ಮುಂದೆ ವಿವರಣೆ ಕೊಡುವುದು ಕಷ್ಟವಾಗುತ್ತದೆ. ಮುಂಗಡವನ್ನು ಕ್ರೆಡಿಟ್ ಕಾರ್ಡಿನಲ್ಲಿ ಉಜ್ಜಿಬಿಡಿ ಎಂದು ಪ್ರದರ್ಶನದಲ್ಲಿ ಯಾರಾದರೂ ಹೇಳಿದರೆ ಒಪ್ಪಬೇಡಿ. ಆಸ್ತಿ ಖರೀದಿ ಬಂಡವಾಳ ಖಾತೆಯ ವ್ಯವಹಾರವಾದ್ದರಿಂದ ಅದಕ್ಕೆ ಕಾರ್ಡ್ ಬಳಸುವುದು ವಿದೇಶಿ ವಿನಿಮಯ ಕಾನೂನಿಗೆ, ಅಂದರೆ ಫೆಮಾಕ್ಕೆ, ವಿರುದ್ಧ. ಕೀಲಿ ಕೈಸೇರಿದ ಮೇಲೂ ವರ್ಷಗಟ್ಟಲೆ ಕಂತು ಕಟ್ಟುವ ಯೋಜನೆಗಳಿಗೆ ಸಹಿ ಹಾಕುವ ಮುನ್ನ ನಿಮ್ಮ ಬ್ಯಾಂಕಿನ ಅಭಿಪ್ರಾಯವನ್ನು ಲಿಖಿತವಾಗಿ ಪಡೆದಿಟ್ಟುಕೊಳ್ಳುವುದು ಒಳ್ಳೆಯದು.

ಹಣ ಕಳುಹಿಸುವಾಗ ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಬ್ಯಾಂಕು ಶೇ 20ರಷ್ಟು ಟಿಸಿಎಸ್, ಅಂದರೆ ಮುಂಚಿತವಾಗಿಯೇ ಹಿಡಿಯುವ ತೆರಿಗೆ, ವಸೂಲಿ ಮಾಡುತ್ತದೆ. ಒಬ್ಬರು 1 ಕೋಟಿ ಕಳುಹಿಸಿದರೆ 18 ಲಕ್ಷ ಹೆಚ್ಚುವರಿಯಾಗಿ ತೆಗೆದಿಡಬೇಕು. ಇದು ಕಳೆದುಹೋಗುವ ಹಣವಲ್ಲ. ವರ್ಷದ ತೆರಿಗೆಯಲ್ಲಿ ಹೊಂದಾಣಿಕೆಯಾಗುತ್ತದೆ, ಉಳಿದದ್ದು ರಿಟರ್ನ್ಸ್ ಸಲ್ಲಿಸಿದ ಮೇಲೆ ಮರಳಿ ಬರುತ್ತದೆ. ಸಂಬಳದಾರರು ಈ ಮೊತ್ತವನ್ನು ತಮ್ಮ ಕಂಪನಿಗೆ ತಿಳಿಸಿ ಟಿಡಿಎಸ್ ಕಡಿಮೆ ಮಾಡಿಸಿಕೊಳ್ಳಬಹುದು. ಏಪ್ರಿಲ್‌ನಲ್ಲಿ ಕಳುಹಿಸಿದವರ ಹಣ ಒಂದು ವರ್ಷಕ್ಕೂ ಹೆಚ್ಚು ಕಾಲ ಸಿಕ್ಕಿಕೊಂಡರೆ, ಫೆಬ್ರುವರಿ, ಮಾರ್ಚ್‌ನಲ್ಲಿ ಕಳುಹಿಸಿದವರದು ಬೇಗ ಬಿಡುಗಡೆಯಾಗುತ್ತದೆ.

ಬೆಂಗಳೂರಿನ ನಿವೇಶನ ಮಾರಿ ಆ ಹಣದಲ್ಲಿ ದುಬೈ ಫ್ಲಾಟ್ ಕೊಳ್ಳುವ ಯೋಚನೆ ಹಲವರಿಗಿರುತ್ತದೆ. ಕೊಳ್ಳಬಹುದು, ಆದರೆ ನಿವೇಶನದ ಲಾಭದ ಮೇಲಿನ ತೆರಿಗೆಗೆ ವಿನಾಯಿತಿ ಸಿಗುವುದಿಲ್ಲ. ಹೊಸ ಮನೆ ಭಾರತದಲ್ಲೇ ಇರಬೇಕೆಂದು 2014ರ ತಿದ್ದುಪಡಿ ಸ್ಪಷ್ಟಪಡಿಸಿದೆ.

ಇನ್ನು ದುಬೈ ಕಡೆಯ ಖರ್ಚು. ವಿದೇಶೀಯರಿಗೆ ಪೂರ್ಣ ಒಡೆತನ ದೊರೆಯುವುದು ಗೊತ್ತುಪಡಿಸಿದ ಬಡಾವಣೆಗಳಲ್ಲಿ ಮಾತ್ರ. ದುಬೈ ಭೂ ಇಲಾಖೆಯ ವರ್ಗಾವಣೆ ಶುಲ್ಕ ಶೇ 4; ವಾಡಿಕೆಯಂತೆ ಕೊಳ್ಳುವವರೇ ಕಟ್ಟುತ್ತಾರೆ. ದಲ್ಲಾಳಿಗೆ ಸಾಮಾನ್ಯವಾಗಿ ಶೇ 2 ಮತ್ತು ಅದರ ಮೇಲೆ ಶೇ 5 ವ್ಯಾಟ್, ನೋಂದಣಿ ಕಚೇರಿಗೆ ವ್ಯಾಟ್ ಸೇರಿ 4,200 ದಿರ್ಹಮ್. ಮೇಲೆ ಹೇಳಿದ 15 ಲಕ್ಷದ ಫ್ಲಾಟಿಗೆ ಇವೇ ಸುಮಾರು 95,700 ದಿರ್ಹಮ್ ಆಗುತ್ತವೆ. ಕಟ್ಟುತ್ತಿರುವ ಕಟ್ಟಡದಲ್ಲಿ ಕೊಳ್ಳುವುದಾದರೆ ಹಣ ಆ ಯೋಜನೆಯ ಎಸ್ಕ್ರೋ ಖಾತೆಗೇ, ಅಂದರೆ ಆ ಕಟ್ಟಡಕ್ಕೆಂದೇ ಮೀಸಲಾದ ಖಾತೆಗೇ, ಹೋಗಬೇಕು. ಖಾತೆಯ ಸಂಖ್ಯೆಯನ್ನು ದಲ್ಲಾಳಿಯ ವಾಟ್ಸ್‌ಆ್ಯಪ್ ಸಂದೇಶದಿಂದ ತೆಗೆದುಕೊಳ್ಳದೆ ಭೂ ಇಲಾಖೆಯ ದುಬೈ ರೆಸ್ಟ್ ಆ್ಯಪ್‌ನಲ್ಲಿ ತಾಳೆ ನೋಡಿ. ಒಪ್ಪಂದವನ್ನು ಊಕೂದ್ ಎಂಬ ವ್ಯವಸ್ಥೆಯಲ್ಲಿ ನೋಂದಾಯಿಸಿದ ಪತ್ರ ಕೈಗೆ ಬರುವವರೆಗೆ ಬಿಲ್ಡರನ ರಸೀದಿಯನ್ನೇ ನಂಬಿ ಕೂರಬಾರದು.

ಮನೆ ಬೀಗ ಹಾಕಿಟ್ಟರೂ ಖರ್ಚು ನಿಲ್ಲುವುದಿಲ್ಲ. ಚದರಡಿ ಲೆಕ್ಕದ ಸರ್ವಿಸ್ ಚಾರ್ಜ್ ಪ್ರತಿ ವರ್ಷ ಬರುತ್ತದೆ. ಮನೆಯ ವಾರ್ಷಿಕ ಬಾಡಿಗೆ ಮೌಲ್ಯದ ಶೇ 5ರಷ್ಟು ವಸತಿ ಶುಲ್ಕವನ್ನು ಹನ್ನೆರಡು ಭಾಗ ಮಾಡಿ ದೇವಾ ಸಂಸ್ಥೆಯ ನೀರು, ವಿದ್ಯುತ್ ಬಿಲ್ಲಿನಲ್ಲಿ ಸೇರಿಸುತ್ತಾರೆ. ಹಲವು ಕಟ್ಟಡಗಳಲ್ಲಿ ತಂಪು ನೀರು ಒಂದು ಕೇಂದ್ರ ಸ್ಥಾವರದಿಂದ ಕೊಳವೆಯಲ್ಲಿ ಬರುತ್ತದೆ. ಎಸಿ ಹಾಕದಿದ್ದರೂ ಅದರ ನಿಗದಿತ ಶುಲ್ಕ ತಪ್ಪದು. ಆದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಸಿಯನ್ನು ಪೂರ್ತಿ ಆರಿಸಿ ಬರಬಾರದು. ಕಡಲ ತೀರದ ತೇವಾಂಶಕ್ಕೆ ಕಪಾಟಿನ ಹಿಂಬದಿ, ಹಾಸಿಗೆಯ ಅಡಿಭಾಗ, ಎಸಿ ಕೊಳವೆಯ ಬಾಯಿ ಎಲ್ಲ ಬೂಷ್ಟು ಹಿಡಿಯುತ್ತದೆ, ಮಂಗಳೂರಿನ ಮಳೆಗಾಲ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬಾಡಿಗೆಗೆ ಕೊಟ್ಟರೆ ಕರಾರನ್ನು ಇಜಾರಿ ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ ನೋಂದಾಯಿಸಬೇಕು. ಬಾಡಿಗೆ ತಿಂಗಳು ತಿಂಗಳು ಬರುವುದಕ್ಕಿಂತ ಮುಂದಿನ ದಿನಾಂಕದ ಒಂದೋ ನಾಲ್ಕೋ ಚೆಕ್ಕುಗಳಾಗಿ ಬರುವುದೇ ಹೆಚ್ಚು, ಹಾಗಾಗಿ ಅಲ್ಲಿಯೇ ಒಂದು ಬ್ಯಾಂಕ್ ಖಾತೆ ಇರುವುದು ಅನುಕೂಲ. ಬಾಡಿಗೆದಾರರಿರುವ ಮನೆಯನ್ನು ಸ್ವಂತ ವಾಸಕ್ಕೆಂದು ಕೊಳ್ಳುವವರು ಒಂದು ವಿಷಯ ನೆನಪಿಡಬೇಕು: ತೆರವಿಗೆ ನೋಟರಿ ಅಥವಾ ರಿಜಿಸ್ಟರ್ಡ್ ಅಂಚೆಯ ಮೂಲಕ 12 ತಿಂಗಳ ನೋಟಿಸ್ ಕೊಡಬೇಕು.

ಆ ಬಾಡಿಗೆಗೆ ಭಾರತದಲ್ಲಿ ತೆರಿಗೆ ಕಟ್ಟಬೇಕೇ ಎಂಬ ಚರ್ಚೆ ಒಂದು ಕಾಲದಲ್ಲಿತ್ತು. ಎರಡೂ ಕಡೆ ತೆರಿಗೆ ಬೀಳುವುದನ್ನು ತಪ್ಪಿಸುವ ಉಭಯ ದೇಶಗಳ ಒಪ್ಪಂದ ಆಸ್ತಿ ಇರುವ ದೇಶಕ್ಕೆ ತೆರಿಗೆಯ ಹಕ್ಕು ಕೊಟ್ಟಿದೆಯಲ್ಲ ಎಂಬುದು ವಾದ. ಅಂಥ ಆದಾಯವನ್ನೂ ಇಲ್ಲಿನ ನಿವಾಸಿಯ ಒಟ್ಟು ಆದಾಯಕ್ಕೆ ಸೇರಿಸಬೇಕೆಂದು 2008ರ ಆಗಸ್ಟ್‌ನ ಅಧಿಸೂಚನೆ ಹೇಳಿದ ಮೇಲೆ ಆ ದಾರಿಯನ್ನು ನೆಚ್ಚಿಕೊಳ್ಳುವಂತಿಲ್ಲ. ವರ್ಷಕ್ಕೆ 90,000 ದಿರ್ಹಮ್ ಬಾಡಿಗೆ ಬಂದರೆ ಶೇ 30ರ ಸಾಮಾನ್ಯ ಕಡಿತ ಕಳೆದು 63,000 ದಿರ್ಹಮ್‌ಗೆ ಸಮನಾದ ರೂಪಾಯಿ ನಿಮ್ಮ ಸ್ಲ್ಯಾಬಿಗೆ ಸೇರುತ್ತದೆ. ಅಲ್ಲಿ ತೆರಿಗೆಯೇ ಇಲ್ಲವಾದ್ದರಿಂದ ಇಲ್ಲಿನ ತೆರಿಗೆಯಿಂದ ಕಳೆಯಲು ಏನೂ ಇರುವುದಿಲ್ಲ. ಬಾಡಿಗೆಗೆ ಕೊಡದೆ ಸ್ವಂತಕ್ಕೆ ಇಟ್ಟುಕೊಂಡರೆ ಎರಡು ಮನೆಗಳವರೆಗೆ ಆದಾಯ ಶೂನ್ಯವೆಂದು ತೋರಿಸಬಹುದು. ಬೆಂಗಳೂರಿನಲ್ಲೊಂದು, ಮೈಸೂರಿನಲ್ಲೊಂದು ಮನೆಯನ್ನು ಆಗಲೇ ಹಾಗೆ ತೋರಿಸಿದವರಿಗೆ ಮೂರನೆಯದರ ಮೇಲೆ ಅಂದಾಜು ಬಾಡಿಗೆಯ ಲೆಕ್ಕ ಬೀಳುತ್ತದೆ.

ನನ್ನ ಅಭಿಪ್ರಾಯದಲ್ಲಿ ತೆರಿಗೆಗಿಂತ ಹೆಚ್ಚು ಎಚ್ಚರ ಬೇಕಾದದ್ದು ವಿದೇಶಿ ಆಸ್ತಿಯ ವಿವರ ಕೊಡುವ ಷೆಡ್ಯೂಲ್ ಎಫ್ಎ ವಿಷಯದಲ್ಲಿ. ಫ್ಲಾಟಿನಿಂದ ಒಂದು ದಿರ್ಹಮ್ ಬರದಿದ್ದರೂ ಅದನ್ನೂ ಅಲ್ಲಿನ ಬ್ಯಾಂಕ್ ಖಾತೆಯನ್ನೂ ಪ್ರತಿ ವರ್ಷ ಇದರಲ್ಲಿ ತೋರಿಸಬೇಕು, ರಿಟರ್ನ್ಸ್‌ನ ಸರಳ ನಮೂನೆಯಾದ ಐಟಿಆರ್-1 ಸಲ್ಲಿಸುವಂತಿಲ್ಲ. ಗೊಂದಲ ಹುಟ್ಟುವುದು ಅವಧಿಯಲ್ಲಿ. ಉಳಿದ ರಿಟರ್ನ್ಸ್ ಹಣಕಾಸು ವರ್ಷದ್ದಾದರೆ ಈ ಪಟ್ಟಿ ಡಿಸೆಂಬರ್ 31ಕ್ಕೆ ಮುಗಿಯುವ ಕ್ಯಾಲೆಂಡರ್ ವರ್ಷದ್ದು. 2026ರ ಫೆಬ್ರುವರಿಯಲ್ಲಿ ಕೊಂಡ ಮನೆ 2025–26ರ ರಿಟರ್ನ್ಸ್‌ನ ಈ ಪಟ್ಟಿಗೆ ಬರುವುದಿಲ್ಲ, ಅದರ ಮುಂದಿನ ವರ್ಷದ್ದಕ್ಕೆ ಬರುತ್ತದೆ. ತೋರಿಸದಿದ್ದರೆ 2015ರ ಕಪ್ಪುಹಣ ಕಾನೂನಿನಡಿ 10 ಲಕ್ಷ ರೂಪಾಯಿ ದಂಡ ವಿಧಿಸಬಹುದು. 2024ರ ಅಕ್ಟೋಬರ್‌ನಿಂದ 20 ಲಕ್ಷದೊಳಗಿನ ವಿದೇಶಿ ಆಸ್ತಿಗಳಿಗೆ ಈ ದಂಡದಿಂದ ರಿಯಾಯಿತಿ ಸಿಕ್ಕಿದೆಯಾದರೂ ಸ್ಥಿರಾಸ್ತಿಯನ್ನು ಅದರಿಂದ ಹೊರಗಿಡಲಾಗಿದೆ. ಅಲ್ಲಿನ ಬ್ಯಾಂಕ್ ಖಾತೆಯ ಮಾಹಿತಿ ದೇಶಗಳ ನಡುವಿನ ವಿನಿಮಯ ವ್ಯವಸ್ಥೆಯ ಮೂಲಕ ಇಲಾಖೆಗೆ ತಾನಾಗಿಯೇ ತಲುಪುವುದರಿಂದ, ಯಾರಿಗೆ ಗೊತ್ತಾಗುತ್ತದೆ ಎಂಬ ಧೈರ್ಯಕ್ಕೆ ಅರ್ಥವಿಲ್ಲ.

ಮಾರುವಾಗ 24 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡಿದ್ದ ಮನೆಯ ಲಾಭಕ್ಕೆ ಶೇ 12.5 ತೆರಿಗೆ. ಲಾಭವನ್ನು ಎಣಿಸುವುದು ರೂಪಾಯಿಯಲ್ಲಿ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ದಿರ್ಹಮಿಗೆ 20 ರೂಪಾಯಿ ಇದ್ದಾಗ 15 ಲಕ್ಷ ದಿರ್ಹಮ್‌ಗೆ ಕೊಂಡು, 24 ರೂಪಾಯಿ ಆದಾಗ ಅದೇ 15 ಲಕ್ಷಕ್ಕೆ ಮಾರಿದರೂ ಕಾಗದದ ಮೇಲೆ 60 ಲಕ್ಷ ರೂಪಾಯಿ ಲಾಭ ಕಾಣಿಸುತ್ತದೆ. ಆ ಲಾಭವನ್ನು ಭಾರತದಲ್ಲಿ ಮನೆ ಕೊಳ್ಳಲು ಬಳಸಿದರೆ ವಿನಾಯಿತಿ ಕೇಳಬಹುದು, ಏಕೆಂದರೆ ಮಾರಿದ ಮನೆ ಎಲ್ಲಿತ್ತು ಎಂಬ ಷರತ್ತು ಅದಕ್ಕಿಲ್ಲ. ಹಾಗೆಯೇ, ಮರುಹೂಡಿಕೆ ಮಾಡದ ಹಣವನ್ನು 180 ದಿನಗಳೊಳಗೆ ಭಾರತಕ್ಕೆ ತರಬೇಕು.

20 ಲಕ್ಷ ದಿರ್ಹಮ್ ಆಸ್ತಿಗೆ ಸಿಗುವ ಹತ್ತು ವರ್ಷದ ಗೋಲ್ಡನ್ ವೀಸಾದಿಂದ ಮೇಲಿನ ಯಾವುದೂ ಬದಲಾಗದು. ನಿವಾಸಿಯೋ ಅಲ್ಲವೋ ಎಂಬುದನ್ನು ನಿರ್ಧರಿಸುವಾಗ ನೀವು ಭಾರತದಲ್ಲಿ ಕಳೆದ ದಿನಗಳು ಲೆಕ್ಕಕ್ಕೆ ಬರುತ್ತವೆಯೇ ಹೊರತು ವೀಸಾ ಅಲ್ಲ. ಉಡುಪಿ, ಭಟ್ಕಳ, ಮಂಗಳೂರು ಕಡೆಯಿಂದ ಹೋಗಿ ಅಲ್ಲಿ ದುಡಿಯುತ್ತಿದ್ದಾಗಲೇ ಮನೆ ಕೊಂಡವರ ಸ್ಥಿತಿ ಬೇರೆ. ಊರಿಗೆ ಮರಳಿದ ಮೇಲೂ ಅವರು ಆ ಮನೆಯನ್ನು ಉಳಿಸಿಕೊಳ್ಳಬಹುದು, ಮತ್ತು ಸಾಮಾನ್ಯ ನಿವಾಸಿ ಎನಿಸಿಕೊಳ್ಳುವವರೆಗಿನ ಮೊದಲ ವರ್ಷಗಳಲ್ಲಿ ಅವರಿಗೆ ಷೆಡ್ಯೂಲ್ ಎಫ್ಎ ಅನ್ವಯಿಸುವುದಿಲ್ಲ. ಆದರೆ ಕೊಂಡ ಕಾಲದ ಸಂಬಳ ಚೀಟಿ, ಬ್ಯಾಂಕ್ ವಿವರಗಳನ್ನು ಬಿಸಾಡದೆ ಇಟ್ಟುಕೊಳ್ಳಬೇಕು.

ಕೊನೆಯದಾಗಿ ಉಯಿಲು. ಊರಿನಲ್ಲಿ ಬರೆಸಿದ ಉಯಿಲನ್ನು ದುಬೈ ಆಸ್ತಿಗೆ ಅನ್ವಯಿಸಲು ವಾರಸುದಾರರು ದೃಢೀಕರಣ, ಅರಬ್ಬಿ ಅನುವಾದ, ನ್ಯಾಯಾಲಯ ಎಂದು ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ. ಮುಸ್ಲಿಮೇತರರು ದುಬೈ ಅಂತರರಾಷ್ಟ್ರೀಯ ಹಣಕಾಸು ಕೇಂದ್ರದ, ಅಂದರೆ ಡಿಐಎಫ್‌ಸಿಯ, ಉಯಿಲು ಸೇವೆಯಲ್ಲಿ ಆ ಒಂದು ಆಸ್ತಿಗೆ ಮಾತ್ರ ಸೀಮಿತವಾದ ಉಯಿಲನ್ನು ನೋಂದಾಯಿಸಬಹುದು. ಮುಸ್ಲಿಮರಿಗೆ ಷರೀಅತ್‌ನ ಪಾಲುಗಳು ಅನ್ವಯವಾಗುವುದರಿಂದ ಅವರು ಅಲ್ಲಿನ ವಕೀಲರೊಂದಿಗೆ ಮೊದಲೇ ಮಾತಾಡಿಕೊಳ್ಳಬೇಕು. ಜಂಟಿ ಹೆಸರಿದ್ದರೆ ಒಬ್ಬರು ತೀರಿಕೊಂಡಾಗ ಪಾಲು ತಾನಾಗಿ ಇನ್ನೊಬ್ಬರಿಗೆ ಬರುತ್ತದೆ ಎಂದು ಭಾವಿಸದೆ, ಮನೆ ನೋಂದಾಯಿಸಲು ಹೋದ ಅದೇ ಪ್ರಯಾಣದಲ್ಲಿ ಇಬ್ಬರೂ ತಮ್ಮ ತಮ್ಮ ಉಯಿಲಿನ ಕೆಲಸವನ್ನೂ ಮುಗಿಸಿಕೊಂಡು ಬರುವುದು ಲೇಸು.