ಊಟಕ್ಕೂ ಹಾರಿಸೋಕೂ ಪಾರಿವಾಳ ಸಾಕೋದು ಹೆಂಗೆ

ಪಾರಿವಾಳ ತಿನ್ನೋ ಆಸೆಗೆ ಏರ್‌ಗನ್ ತಗೊಂಡು ಹೊಲದ ಕಡೆ ಹೋಗೋದನ್ನ ಮೊದ್ಲು ಬಿಟ್ಬಿಡ್ರಿ. ಬೆಳವ, ಹಸಿರು ಪಾರಿವಾಳ ಇವೆಲ್ಲ 1972ರ ವನ್ಯಜೀವಿ ಕಾಯ್ದೆ ಕೆಳಗೆ ಬರ್ತಾವೆ, ಹೊಡೆದ್ರೆ ಕೇಸ್ ಆಗ್ತೈತೆ. ಚಿತ್ರದುರ್ಗದ ಕೋಟೆ ಬಂಡೆ ಸಂದಿನಾಗೆ ಇರೋ ಪಾರಿವಾಳದ ತಂಟೆಗೂ ಹೋಗ್ಬೇಡ್ರಿ. ಮಂಡಿ, ಗೋಡೌನ್ ಹತ್ರ ಕಾಳು ಹೆಕ್ಕೋ ಬೂದು ಪಾರಿವಾಳ ಅಂತೂ ತಿನ್ನೋಕೆ ಬೇಡವೇ ಬೇಡ, ಔಷಧಿ ಸವರಿದ ಬಿತ್ತನೆ ಬೀಜ ತಿಂದಿದ್ರೆ ನೋಡಿ ಹೇಳೋಕಾಗಲ್ಲ. ಅದರ ಬದ್ಲು ತಾರಸಿ ಮೇಲೆ ನಾಲ್ಕು ಜೋಡಿ ಸಾಕ್ರಿ, ಊಟಕ್ಕೂ ಆಗ್ತೈತೆ, ಹಾರಿಸೋ ಖುಷಿನೂ ಸಿಗ್ತೈತೆ, ನಾನು ದಾವಣಗೆರೆಯಾಗೆ ಮಾಡ್ತಿರೋದೂ ಇದನ್ನೇ.

ಒಂದು ಜೋಡಿಗೆ ಒಂದಡಿ ಅಗಲ ಒಂದಡಿ ಎತ್ತರದ ಎರಡು ಖಾನೆ ಬೇಕು. ಯಾಕಂದ್ರೆ ಮೊದಲಿನ ಮರಿ ಇನ್ನೂ ಗೂಡಲ್ಲಿದ್ದಾಗ್ಲೇ ಹೆಣ್ಣು ಪಕ್ಕದ ಖಾನೆಗೆ ಹೋಗಿ ಮತ್ತೆ ಮೊಟ್ಟೆ ಇಡ್ತೈತೆ, ಒಂದೇ ಖಾನೆ ಇದ್ರೆ ಮರಿ ತುಳಿದು ಮೊಟ್ಟೆ ಒಡೆದೋಗ್ತಾವೆ. ಬಾಗ್ಲು ಪೂರ್ವಕ್ಕಿರ್ಲಿ, ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ತಗಡಿನ ಕೆಳಗೆ ಮರಿ ಬೆಂದೇ ಹೋಗ್ತಾವೆ, ಅದಕ್ಕೆ ಮೇಲೆ ತೆಂಗಿನ ಗರಿ ಹೊದಿಸ್ರಿ. ಜಾಲರಿ ಅರ್ಧ ಇಂಚಿಂದು ಹಾಕ್ರಿ. ನಾನು ಮೊದ್ಲು ದೊಡ್ಡ ಕಣ್ಣಿಂದು ಹಾಕಿದ್ದೆ, ಒಂದು ರಾತ್ರಿ ಹಾವು ನುಗ್ಗಿ ಎರಡು ಖಾನೆ ಮರಿ ಪೂರ್ತಿ ಹೋದ್ವು, ಬೆಳಿಗ್ಗೆ ಆ ಖಾಲಿ ಗೂಡು ನೋಡಿದ್ದು ಇವತ್ತಿಗೂ ಮರೆತಿಲ್ಲ.

ಕಾಳಿಗೆ ನಮ್ಮೂರಲ್ಲಿ ಬರ ಇಲ್ಲ, ಮೆಕ್ಕೆಜೋಳ ಎಲ್ಲಾ ಕಡೆ ಸಿಗ್ತೈತೆ. ಆದ್ರೆ ಬರೀ ಅದನ್ನೇ ಹಾಕಿದ್ರೆ ಮರಿ ಬೆಳೆಯಲ್ಲ, ಮೂರರಲ್ಲಿ ಒಂದು ಪಾಲು ಅಲಸಂದೆ, ಹೆಸರು, ಕಡ್ಲೆ ಇರ್ಲೇಬೇಕು, ಉಳಿದದ್ದು ಜೋಳ, ಸಜ್ಜೆ, ಮೆಕ್ಕೆಜೋಳದ ನುಚ್ಚು. ದೊಡ್ಡ ಹಕ್ಕಿಗೆ ದಿನಕ್ಕೆ 30-40 ಗ್ರಾಂ ಸಾಕು. ಸಣ್ಣ ಗರಸು, ಇಟ್ಟಿಗೆ ಚೂರು, ಪುಡಿ ಮಾಡಿದ ಮೊಟ್ಟೆ ಸಿಪ್ಪೆ ಒಂದು ಬಟ್ಟಲಲ್ಲಿ ಯಾವಾಗ್ಲೂ ಇರ್ಲಿ, ಹಲ್ಲಿಲ್ಲದ ಹಕ್ಕಿ, ಹೊಟ್ಟೆಯೊಳಗೆ ಕಾಳು ಅರೆಯೋದು ಆ ಕಲ್ಲೇ. ನೀರಿನ ಬಟ್ಟಲು ಸ್ವಲ್ಪ ಆಳ ಇರ್ಲಿ, ಪಾರಿವಾಳ ಕೋಳಿ ಥರ ತಲೆ ಎತ್ತಿ ಕುಡಿಯಲ್ಲ, ಕೊಕ್ಕು ಮುಳುಗಿಸಿ ಹೀರ್ತೈತೆ. ಹಿಕ್ಕೆ ಕೆರೆಯೋವಾಗ ಮೂಗಿಗೆ ಬಟ್ಟೆ ಕಟ್ಕೊಳ್ರಿ, ಒಣ ಧೂಳು ಎದೆಗೆ ಕೆಟ್ಟದ್ದು.

ಗಂಡು ಹೆಣ್ಣು ನೋಡೋಕೆ ಒಂದೇ ಥರ, ಅದಕ್ಕೆ ಕೂಡಿರೋ ಜೋಡಿನೇ ತಗೊಳ್ರಿ. ಒಂದು ಸಲಕ್ಕೆ ಎರಡು ಮೊಟ್ಟೆ, ಮಧ್ಯೆ ಒಂದು ದಿನ ಬಿಡ್ತೈತೆ, 17-18 ದಿನಕ್ಕೆ ಮರಿ. ಹಗಲು ಗಂಡು ಕೂರ್ತೈತೆ, ಸಂಜೆಯಿಂದ ಬೆಳಿಗ್ಗೆವರೆಗೂ ಹೆಣ್ಣು. ಮೊದಲ ವಾರ ಅಪ್ಪ ಅಮ್ಮ ಇಬ್ರೂ ಗಂಟಲಿಂದ ಮೊಸರಿನಂಥ ಹಾಲು ಕಕ್ಕಿ ಕುಡಿಸ್ತಾವೆ, ಕಣ್ಣು ಬಿಡದ ಮರಿ ಇಡೀ ಕೊಕ್ಕನ್ನ ತಾಯಿ ಬಾಯೊಳಗೆ ತೂರಿಸಿ ಮೈ ಅಲ್ಲಾಡಿಸ್ಕೊಂಡು ಕುಡಿಯೋದನ್ನ ನೋಡ್ಬೇಕು. ಆ ವಾರ ಗೂಡಿಗೆ ಕೈ ಹಾಕ್ಬೇಡ್ರಿ.

ಊಟಕ್ಕೆ ತಗೊಳ್ಳೋದು 26ರಿಂದ 28ನೇ ದಿನದೊಳಗೆ. ದಿನ ಎಣಿಸೋದು ಮರೆತ್ರೆ ರೆಕ್ಕೆ ಎತ್ತಿ ಕೆಳಗೆ ನೋಡ್ರಿ, ಅಲ್ಲಿ ಬರಿ ಚರ್ಮ ಕಾಣದಂಗೆ ಪುಕ್ಕ ಮುಚ್ಚಿದ್ರೆ ರೆಡಿ. ಒಂದು ಸಲ ಹಾರಿತು ಅಂದ್ರೆ ಎದೆ ಮಾಂಸ ಗಟ್ಟಿ ಆಗೋಗ್ತೈತೆ, ಆಮೇಲೆ ಕುಕ್ಕರ್‌ಗೆ ಹಾಕ್ದೆ ಬೇಯಲ್ಲ. ಎಳೆ ಮರಿಗೆ ಕುಕ್ಕರ್ ಬೇಡ. ಕೊಯ್ದ ತಕ್ಷಣ ಮೈ ಬಿಸಿ ಇರೋವಾಗ್ಲೇ ಪುಕ್ಕ ಕೀಳ್ರಿ, ಸಲೀಸಾಗಿ ಬರ್ತಾವೆ. ಅರಿಶಿಣ ಉಪ್ಪು ಹಚ್ಚಿಟ್ಟು, ಶುಂಠಿ ಬೆಳ್ಳುಳ್ಳಿ, ಕೊತ್ತಂಬರಿ ಬೀಜ, ಒಣಕೊಬ್ಬರಿ ಹುರಿದು ರುಬ್ಬಿದ ಮಸಾಲೆಗೆ ಜಾಸ್ತಿ ಕಾಳುಮೆಣಸು ಹಾಕಿ ಸಣ್ಣ ಉರಿಯಾಗೆ ಮುಚ್ಚಿ ಬೇಯಿಸ್ರಿ. ಒಬ್ರಿಗೆ ಒಂದು ಮರಿ ಬೇಕು, ಜೊತೆಗೆ ಬಿಸಿ ಜೋಳದ ರೊಟ್ಟಿ.

ಹಾರಿಸೋಕೆ ನಿಮ್ಮ ಗೂಡಲ್ಲೇ ಹುಟ್ಟಿದ ಮರಿ ಬಿಟ್ಕೊಳ್ರಿ. ಸಂತೆಯಲ್ಲಿ ತಂದ ದೊಡ್ಡ ಜೋಡಿನ ನಾನು ನಾಲ್ಕೇ ದಿನಕ್ಕೆ ಬಿಟ್ಟೆ, ತಾರಸಿ ಮೇಲೆ ಒಂದು ಸುತ್ತು ಹಾಕಿ ಹಳೇ ಮನೆ ದಾರಿ ಹಿಡಿದ್ವು. ಮರಿ ಆರು ವಾರ ಆದ್ಮೇಲೆ ಸಂಜೆ ಕಾಳು ಹಾಕೋಕೆ ಮೊದ್ಲು ಬಿಡ್ರಿ, ಹಸಿದಿರ್ತಾವೆ, ಡಬ್ಬಿಯಲ್ಲಿ ಕಾಳು ಅಲ್ಲಾಡಿಸಿದ್ರೆ ಇಳೀತಾವೆ. ದಿನಾ ಅದೇ ಡಬ್ಬಿ, ಅದೇ ಸೀಟಿ. ದೂರ ಹಾರಿಸ್ಬೇಕು ಅಂದ್ರೆ ದೂರ ಒಯ್ದು ಬಿಟ್ರೂ ಗೂಡಿಗೆ ವಾಪಸ್ ಬರೋ ಹೋಮರ್ ಜಾತಿ ಬೇಕು, ಮೊದ್ಲು ಎರಡು ಕಿಲೋಮೀಟರ್ ಒಯ್ದು ಬಿಡ್ರಿ, ಆಮೇಲೆ ಐದು, ಆಮೇಲೆ ಆನಗೋಡು, ಭರಮಸಾಗರ, ಕೊನೆಗೆ ಚಿತ್ರದುರ್ಗ. ದುರ್ಗದಿಂದ ಸುಮಾರು 60 ಕಿಲೋಮೀಟರ್, ಗಾಳಿ ಚೆನ್ನಾಗಿದ್ರೆ ಪಳಗಿದ ಹಕ್ಕಿ ಒಂದು ಗಂಟೆ ಆಚೆ ಈಚೆಯಾಗೆ ಮನೇಲಿರ್ತೈತೆ. ಮೋಡ ಇದ್ದ ದಿನ ಬಿಡ್ಬೇಡ್ರಿ. ಬಂದು ಕೂತ ತಕ್ಷಣ ಹಿಡಿಯೋಕೂ ಹೋಗ್ಬೇಡ್ರಿ, ಡಬ್ಬಿ ಅಲ್ಲಾಡಿಸಿ ಸುಮ್ನೆ ನಿಂತ್ಕೊಳ್ರಿ, ತಾನಾಗೇ ನಡ್ಕೊಂಡು ಒಳಗೆ ಹೋಗ್ಲಿ.